ಅಪ್ಪಾಸಾಬನೋ ನಾಗೂವೋ

ಉದಗೀರ
೨-೨-೧೯೯೮

ನಮ್ಮ ಮನೆಯವರಿಗೆ, ತವರಿನಿಂದ ಶಾಂಭವಿಯ ಶರಣು.

ನಾನು, ಮಗು ಆರಾಮ ಇದ್ದೇವೆ. ಅತ್ತೆಯವರ ಮೊಣಕಾಲು ಹೇಗಿದೆ, ತೊಗರಿ ರಾಶಿ ಮುಗಿಯಿತೇ ಎಂದೆಲ್ಲ ಕೇಳಬೇಕು. ಕೇಳಿದ್ದೇನೆ ಎಂದು ತಿಳಿದುಕೊಳ್ಳಿ.

ನನಗೆ ಮರಾಠಿ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಭಾಲ್ಕಿಯ ಶಾಲೆಯಲ್ಲಿ ಕಲಿತ ಕನ್ನಡವೇ ಗತಿ. ನಿಮಗೆ ಕನ್ನಡ ಮನೆಮಾತು, ಆದರೆ ಓದಲು ಬರುವುದಿಲ್ಲ. ಆದ್ದರಿಂದ ಈ ಕಾಗದ ಜೇಬಿನಲ್ಲಿಟ್ಟುಕೊಂಡು ನಿಮ್ಮೂರು ದಾಳಿಂಬದಿಂದ ಬಸ್ಸು ಹಿಡಿದು ನಿಲಂಗಾಕ್ಕೆ ಹೋಗುತ್ತೀರಿ. ಬಸವಕಲ್ಯಾಣದ ಸೋದರಮಾವನ ಮನೆಯಲ್ಲಿದ್ದು ಕನ್ನಡ ಕಲಿತ ನಿಮ್ಮ ಅಕ್ಕ ಭುವನೇಶ್ವರಿ ನಿಮಗೆ ಚಹಾ ಕೊಟ್ಟು, ಕನ್ನಡಕ ಹಾಕಿಕೊಂಡು ಇದನ್ನು ಓದುತ್ತಾರೆ. ಗಂಡನಿಗೆ ಬರೆದದ್ದನ್ನು ನಾದಿನಿಯ ಬಾಯಿಂದ ಹೇಳಿಸಬೇಕಾದ ಹಣೆಬರಹ ನನ್ನದು. ಇರಲಿ. ಅಕ್ಕಾ, ನಿಮ್ಮ ಬಗ್ಗೆಯೂ ಬರೆದಿದ್ದೇನೆ, ಆ ಸಾಲುಗಳನ್ನು ನುಂಗಬೇಡಿ.

ಬರುವ ಸೋಮವಾರ ಜೀಪು ತೆಗೆದುಕೊಂಡು ತಾಯಿ-ಮಗನನ್ನು ಕರೆದೊಯ್ಯಲು ಬರುತ್ತೇನೆ ಎಂದು ಹೇಳಿ ಕಳಿಸಿದ್ದೀರಿ. ಬರಬೇಡಿ. ಏಕೆ ಎಂದು ನಿಮಗೆ ಗೊತ್ತಿದೆ, ಗೊತ್ತಿಲ್ಲದವರ ಹಾಗೆ ಇರುವುದೂ ನಿಮಗೆ ಗೊತ್ತಿದೆ. ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಹೆರಿಗೆಗೆಂದು ನನ್ನನ್ನು ಇಲ್ಲಿ ಬಿಡಲು ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಡಿಸಿ ನೀವೇ ಹೇಳಿದಿರಿ, “ಗಂಡಾದ್ರ ಅಪ್ಪನ ಹೆಸರೇ ಇಡೂಣು. ನಾಗೂನ ಹೆಸರು ನಾಗೂಗೇ ಇರ್ಲಿ” ಎಂದು. ನಾನು ಕೇಳಿರಲಿಲ್ಲ. ನಿಮ್ಮಷ್ಟಕ್ಕೆ ನೀವೇ ಅಂದಿರಿ. ಅವತ್ತು ನಿಮ್ಮ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಕಣ್ಣು ತುಂಬಿ ಬಂದದ್ದು ಕಾಣಬಾರದೆಂದು ಬಾಳೆಹಣ್ಣು ಸುಲಿಯುತ್ತ ಕೂತಿದ್ದೆ.

ಮಾವನವರ ಹೆಸರು ನನಗೇನು ಸುಲಭದ್ದಲ್ಲ. ಸೊಸೆಯಾದವಳು ಅದನ್ನು ಬಾಯಲ್ಲಿ ಆಡುವ ಹಾಗಿಲ್ಲ. ಹೆತ್ತ ಮಗನನ್ನು ಅವನ ಹೆಸರಿನಿಂದ ಸಾಯುವವರೆಗೂ ನಾನು ಕರೆಯುವಂತಿಲ್ಲ. ಮನ್ನೂ ಎಂದು ಮೊಟಕು ಮಾಡಿದರೂ ಮಾವನ ಹೆಸರಿನ ಚೂರು ಎಂದು ಅತ್ತೆಯವರು ಗದರುತ್ತಾರೆ. ಹಾಗಾಗಿ ಅಪ್ಪಾಸಾಬ ಎಂದು ಕರೆಯುವುದೆಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದೆ, ಹೊಟ್ಟೆಯಲ್ಲಿದ್ದಾಗಲೇ ಕರೆದು ರೂಢಿ ಮಾಡಿಕೊಂಡಿದ್ದೆ. ಬಾಯಲ್ಲಿ ಬರಬಾರದ್ದು ಕಾಗದದ ಮೇಲೆ ಬರಬಹುದಷ್ಟೇ? ಮನ್ಮಥಪ್ಪ. ನೋಡಿ, ಬರೆದೆ. ಮನೆಯೇನೂ ಬೀಳಲಿಲ್ಲ.

ಮುಂದಿನ ಮಾತು ನಿಮಗೆ ಬರೆಯಬಾರದು. ಆದರೆ ಬರೆದ ಮೇಲೆ ಹೊಡೆದುಹಾಕುವುದಿಲ್ಲ. ಭೂಕಂಪದ ವರ್ಷ ನಿಮ್ಮ ಮೊದಲ ಹೆಂಡತಿ ಸುಮಿತ್ರಾ ಅಕ್ಕ ಮಗ ನಾಗೂನನ್ನು ಕಟ್ಟಿಕೊಂಡು ಕಿಲ್ಲಾರಿ ಕಡೆಯ ತನ್ನ ತವರಿಗೆ ಹೋದದ್ದು, ಕಲ್ಲುಮಣ್ಣಿನ ಗೋಡೆ ಅವರಿಬ್ಬರ ಮೇಲೆ ಬಿದ್ದದ್ದು, ನೀವು ಕೈಯಿಂದ ಮಣ್ಣು ಬಗೆದದ್ದು, ಇದನ್ನೆಲ್ಲ ನಾನು ತಿಳಿದೇ ನಿಮ್ಮನ್ನು ಮದುವೆಯಾದೆ. ಮೊದಲ ಹೆಂಡತಿಯ ಹೆಸರಿನಲ್ಲಿ ಎರಡನೆಯವಳು ಕಟ್ಟಿಕೊಳ್ಳುವ ಬಂಗಾರದ ತಗಡು ನನ್ನ ಕೊರಳಲ್ಲೇ ಇದೆ. ಹಬ್ಬ ಬಂದರೆ ಮೊದಲ ಸೀರೆ, ಮೊದಲ ಕುಂಕುಮ ಆಕೆಗೆ, ಆಮೇಲೆ ನನಗೆ. ಒಂದು ದಿನವೂ ಮೂಗು ಮುರಿದಿಲ್ಲ. ಸತ್ತವರ ಭಾರ ನಾನು ಹೊರುತ್ತೇನೆ, ಒಪ್ಪಿಕೊಂಡು ಬಂದಿದ್ದೇನೆ. ಕಣ್ಣು ತೆರೆಯದ ಕೂಸಿನ ಕೊರಳಿಗೂ ಅದನ್ನೇ ಕಟ್ಟಬೇಕಿತ್ತೇ?

ತೊಟ್ಟಿಲ ಕಾರ್ಯದ ದಿನ ಮೊದಲು ಶಾಸ್ತ್ರಕ್ಕೆಂದು ಗುಂಡಕಲ್ಲಿಗೆ ಕುಂಚಿಗೆ ಹೊದಿಸಿ ತೂಗಿದರು. ಆ ಕಲ್ಲೇ ಪುಣ್ಯವಂತ, ಅದಕ್ಕೆ ಯಾರೂ ಹೆಸರಿಡಲಿಲ್ಲ. ಆಮೇಲೆ ನನ್ನ ಮಗನನ್ನು ಮಲಗಿಸಿದರು. ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಭುವನೇಶ್ವರಿ ಅಕ್ಕ ಬಗ್ಗಿ ‘ಕುರ್ರ್’ ಅಂದರು, ಎದ್ದು ನಿಂತು ಎಲ್ಲರಿಗೂ ಕೇಳುವಂತೆ “ನಾಗನಾಥ” ಅಂದರು. ಪದ್ಧತಿಯಂತೆ ಹೆಂಗಸರು ಅಕ್ಕನ ಬೆನ್ನಿಗೆ ಗುದ್ದಿದರು, ನಗುತ್ತ, ಮೆತ್ತಗೆ. ಅಕ್ಕಾ, ನಾನು ಬಾಣಂತಿ, ಕೂತಲ್ಲಿಂದ ಏಳಲಿಲ್ಲ. ಎದ್ದಿದ್ದರೆ ಮೆತ್ತಗೆ ಗುದ್ದುತ್ತಿರಲಿಲ್ಲ.

ನಿಮ್ಮ ಅವ್ವ ತೊಟ್ಟಿಲಿಗೆ ಹಣೆ ಹಚ್ಚಿ, “ಬಂದ್ಯಾ ನಾಗೂ, ಹೊಳ್ಳಿ ಬಂದ್ಯಾ ನನ್ನಪ್ಪಾ” ಎಂದು ಅತ್ತರು. ಓಣಿಯ ಹೆಂಗಸರೂ ಅತ್ತರು. ನನ್ನ ಅವ್ವನೂ ಅತ್ತಳು. ಅಂಥಾ ಅಳುವಿನ ನಡುವೆ ನಾನು ಬಾಯಿ ತೆರೆದಿದ್ದರೆ ರಾಕ್ಷಸಿಯಾಗುತ್ತಿದ್ದೆ. ನಿಮ್ಮ ಕಡೆ ನೋಡಿದೆ. ನೀವು ಚಪ್ಪರದ ಗಳ ನೋಡುತ್ತಿದ್ದಿರಿ. ಅಕ್ಕ ಭಾವುಕರಾಗಿ ಅಂದುಬಿಟ್ಟರು ಎಂದು ಒಂದು ಗಳಿಗೆ ನಂಬಿದ್ದೆ ನೋಡಿ, ಅಷ್ಟು ಹುಚ್ಚಿ ನಾನು. ಅಷ್ಟರಲ್ಲಿ ನಿಮ್ಮ ಚೀಲದಿಂದ ಬೆಳ್ಳಿ ಬಟ್ಟಲು ಹೊರಬಂತು, ಅದರ ಮೇಲೆ ನಾಗನಾಥ ಎಂದು ಕೆತ್ತಿಸಿದ್ದಿರಿ. ಉಮರ್ಗಾದ ಅಕ್ಕಸಾಲಿಗನಿಗೆ ತಿಳಿದದ್ದು ಹೆತ್ತವಳಿಗೆ ತಿಳಿದಿರಲಿಲ್ಲ.

ಆಮೇಲೆ ಒಳಗೆ ಬಂದು ಏನಂದಿರಿ? “ಹೆಸರಿನ್ಯಾಗ ಏನದ, ಮಗಾ ನಿಂದೇ ಅಲ್ಲೇನು?”

ಹೆಸರಿನಲ್ಲಿ ಏನೂ ಇಲ್ಲದಿದ್ದರೆ ಮಾವನವರದನ್ನೇ ಇಡಬಹುದಿತ್ತಲ್ಲ. ದಾಳಿಂಬದ ಪಡಸಾಲೆಯಲ್ಲಿ ಆ ನಾಗೂನ ಹಾರ ಹಾಕಿದ ಫೋಟೋ ಇದೆ, ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು ಇದೆ. ನನ್ನ ಮಗ ಶಾಲೆಗೆ ಹೋಗಿ ಅಕ್ಷರ ಕಲಿತು ಬಂದು ಮೊದಲು ಓದುವುದು ಅದನ್ನೇ. ತನ್ನ ಹೆಸರಿಗೆ ಊದಿನಕಡ್ಡಿ ಹಚ್ಚುವುದನ್ನು ನೋಡುತ್ತ ಬೆಳೆಯುತ್ತಾನೆ. ತುಂಟತನ ಮಾಡಿದರೆ ನಮ್ಮ ನಾಗೂ ಹಿಂಗಿರಲಿಲ್ಲ ಅನ್ನುತ್ತೀರಿ. ಜ್ವರ ಬಂದರೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿಯುತ್ತೀರಿ. ಮೊದಲಿನವನಿಗೆ ಆರು ತುಂಬಲಿಲ್ಲ. ಇವನಿಗೆ ಆರು ತುಂಬಿದ ಮೇಲೆ ಇವನನ್ನು ಯಾರೆಂದು ನೋಡುತ್ತೀರಿ? ಅಲ್ಲಿಂದ ಮುಂದೆ ನಿಮ್ಮ ನಾಗೂ ಹೇಗಿರುತ್ತಾನೆಂದು ನಿಮಗೂ ಗೊತ್ತಿಲ್ಲವಲ್ಲ.

ನಿಮ್ಮ ದುಃಖದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ನನ್ನ ಮಗನ ಮೇಲೆ ಹೊರಿಸಿದಿರಿ, ಅದೂ ನನಗೆ ಮಾತು ಕೊಟ್ಟು, ಅಕ್ಕನ ಸೆರಗಿನ ಹಿಂದೆ ನಿಂತು. ಅದಕ್ಕೆ ಸಿಟ್ಟು. ಬಿಟ್ಟರೂ ಬಿಡದ ಸಿಟ್ಟು.

ಈಗ ನನ್ನ ಮಾತು ಕೇಳಿ. ನಿಮ್ಮ ಅವ್ವನವರನ್ನೂ ಅಕ್ಕನನ್ನೂ ಕೂಡಿಸಿಕೊಂಡು, ಮಗನ ಹೆಸರು ಅಪ್ಪನದೇ, ಕರೆಯುವುದು ಅಪ್ಪಾಸಾಬ ಎಂದು ನಿಮ್ಮ ಬಾಯಿಂದ ಹೇಳಿ. ಹೇಳಿದ ಮೇಲೆ ಜೀಪು ತನ್ನಿ. ನಾನು ಗಂಟು ಕಟ್ಟಿಕೊಂಡು ಬಾಗಿಲಲ್ಲೇ ನಿಂತಿರುತ್ತೇನೆ. ಹೇಳಲಾಗದಿದ್ದರೆ ನಾವು ಇಲ್ಲೇ ಇರುತ್ತೇವೆ. ಅಪ್ಪ ಬೇಡ ಅನ್ನುವುದಿಲ್ಲ. ಇಲ್ಲಿ ಅವನನ್ನು ಎಲ್ಲರೂ ಅಪ್ಪಾಸಾಬ ಎಂದೇ ಕರೆಯುತ್ತಾರೆ, ಅಂವಾ ಆ ಹೆಸರಿಗೆ ತಿರುಗಿ ನೋಡಿ ನಗುತ್ತಾನೆ. ಅವನು ಆರಿಸಿಕೊಂಡಾಗಿದೆ. ನೀವು ಆರಿಸಿಕೊಳ್ಳುವುದು ಬಾಕಿ.

ಇಂತಿ,
ನನ್ನ ಮಗನ ತಾಯಿ
ಶಾಂಭವಿ

ತಾ.ಕ.: ಅಕ್ಕಾ, ಇಲ್ಲಿಗೆ ಓದುವುದು ನಿಲ್ಲಿಸಿ. ಇದು ನಿಮಗೆ ಮಾತ್ರ. ಕೊನೆಗೆ ಬರೆದದ್ದು ಸುಳ್ಳು. ಇಲ್ಲಿಯೂ ಓಣಿಯವರೆಲ್ಲ ನಾಗೂ ಎಂದೇ ಎತ್ತಿಕೊಳ್ಳುತ್ತಾರೆ, ನನ್ನ ಅವ್ವನೂ ಸೇರಿ. ಅಪ್ಪಾಸಾಬ ಅಂತ ಎಷ್ಟು ಕರೆದರೂ ಅಂವಾ ನನ್ನ ಕಡೆ ನೋಡುವುದಿಲ್ಲ. ಇವತ್ತು ಬೆಳಿಗ್ಗೆ ನೀರು ತರಲು ಹೋಗಿ ತಿರುಗಿ ನೋಡಿದರೆ ಹೊರಸಿನ ಅಂಚಿಗೆ ಹೊರಳಿಬಿಟ್ಟಿದ್ದ. ಕೊಡ ಬಿಟ್ಟು ಓಡಿದೆ. ಓಡುವಾಗ ನಾನು ಕೂಗಿದ್ದು “ನಾಗೂ” ಎಂದು. ನನ್ನ ಬಾಯಿಂದಲೇ ಬಂತು. ಅಂವಾ ತಟ್ಟನೆ ನನ್ನ ಕಡೆ ತಿರುಗಿ ನಕ್ಕ. ಇದು ನಿಮ್ಮ ತಮ್ಮನಿಗೆ ತಿಳಿದರೆ ನಾಳೆಯೇ ಜೀಪು ಬರುತ್ತದೆ, ಬೇಡ ಅನ್ನಲು ನನಗೆ ಬಾಯಿರುವುದಿಲ್ಲ. ಓದಿ ಹೇಳಬೇಡಿ. ನಿಮ್ಮ ಹೊರತು ಈ ಮಾತು ಹೇಳಿಕೊಳ್ಳಲು ನನಗೆ ಯಾರೂ ಇಲ್ಲ ಎಂಬುದೇ ನನಗೆ ಹೆಚ್ಚು ಸಂಕಟ.