ಗೋದಾಮಿನ ರಾಶಿಯಲ್ಲಿ ಅವ್ವನ ಕೌದಿ

ಬಾಗಲಗುಂಟೆ, ಬೆಂಗಳೂರು
೫ ಡಿಸೆಂಬರ್ ೨೦೧೪, ಶುಕ್ರವಾರ

ಪ್ರೀತಿಯ ಪಾರಕ್ಕಾ,

ಕಾಗದ ಬರೆ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾಲ್ಕನೇ ಇಯತ್ತೆಯಲ್ಲಿ ಪಾಟಿ ಬಿಸಾಡಿ ಬಂದವನನ್ನು ಅರವತ್ತೇಳನೇ ವಯಸ್ಸಿನಲ್ಲಿ ಪೆನ್ನು ಹಿಡಿಸಿ ಕೂರಿಸಿದ್ದಾರೆ. ನಿನ್ನ ಕಿವಿ ನೆಟ್ಟಗಿದ್ದಿದ್ದರೆ ಫೋನಿನಲ್ಲಿ ಎರಡು ನಿಮಿಷದ ಮಾತು. ನಿನ್ನ ಮಗನಿಗೆ ಹೇಳೋಣವೆಂದರೆ ಅವನು ಅದನ್ನು ನಿನ್ನ ಕಿವಿಗೆ ಕೂಗಬೇಕು, ಗುಳೇದಗುಡ್ಡದ ಓಣಿಯವರೆಲ್ಲ ಬಾಗಿಲಿಗೆ ಬಂದು ನಿಲ್ಲಬೇಕು. ನಮ್ಮ ವಿಶ್ವನಾಥನನ್ನು ಕರೆದು ‘ನಾ ಹೇಳ್ತೀನಿ, ನೀ ಬರಿ’ ಎಂದೆ. ‘ನಿಮ್ಮ ಅಕ್ಕಗ ನೀವ ಬರೀರಿ ಅಪ್ಪಾ, ನಿಮ್ಮ ಸಿಟ್ಟಿಗೆ ನನ್ನ ಅಕ್ಷರ ಯಾಕ?’ ಎಂದು ಹೇಳಿ ಕೆಲಸಕ್ಕೆ ಹೋಗಿಬಿಟ್ಟ. ಹೆತ್ತ ಮಗ! ಅಕ್ಷರ ಸೊಟ್ಟ ಇದ್ದರೆ ಸುಮ್ಮನೆ ಓದು, ನಗಬೇಡ.

ನಿನ್ನ ಆರೋಗ್ಯ ಹೇಗಿದೆ? ಕಣ್ಣಿನ ಪೊರೆ ತೆಗೆಸಿದ ಮೇಲೆ ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಹಾಕುತ್ತೀಯೋ ಇಲ್ಲವೋ? ಹಾಕುವುದಿಲ್ಲ, ನನಗೆ ಗೊತ್ತು. ಡಾಕ್ಟರು ಹೇಳಿದ್ದನ್ನು ಕೇಳಿದರೆ ನಿನ್ನ ದೊಡ್ಡಸ್ತಿಕೆಗೆ ಕಡಿಮೆಯಾಗುತ್ತದೆ. ಮೊಣಕಾಲು ನೋವಿಗೆ ಕಳಿಸಿದ ಎಣ್ಣೆಯನ್ನು ಓಣಿಗೆಲ್ಲ ಹಂಚದೆ ನೀನೇ ತಿಕ್ಕಿಕೋ. ನಾನು ಗಟ್ಟಿಯಾಗಿದ್ದೇನೆ. ನನ್ನವಳು ಶಿವಲಿಂಗವ್ವನಿಗೆ ಮಾತ್ರ ಈ ಚಳಿಗೆ ಕೆಮ್ಮು ಹಿಡಿದಿದೆ. ಎರಡು ಹೊಸ ರಗ್ಗು ತಂದು ಹೊದಿಸಿದರೂ ‘ಮೈಗೆ ಹತ್ತವಲ್ಲವು’ ಎನ್ನುತ್ತಾಳೆ. ಅವಳು ಕೇಳುವುದು ಯಾವುದೆಂದು ನನಗೆ ಗೊತ್ತು. ಅದು ಮನೆಯಲ್ಲಿಲ್ಲ.

ವಿಷಯ ಇದೇ. ಅವ್ವನ ಕೌದಿ ಕಳೆದಿದೆ. ನಾನು ಬೆಂಗಳೂರಿನ ಕಾರ್ಖಾನೆ ಕೆಲಸಕ್ಕೆ ಹೊರಟ ವರ್ಷ ನೀನೂ ಅವ್ವನೂ ಪಡಸಾಲೆಯಲ್ಲಿ ಎದುರು ಬದುರು ಕೂತು, ಮನೆಯ ಹಳೆ ಬಟ್ಟೆಯೆಲ್ಲ ಕೂಡಿಸಿ ಹೊಲಿದದ್ದು. ಅಪ್ಪನ ಧೋತರ, ನಿನ್ನ ಮೊದಲನೇ ಸೀರೆ, ಕುಪ್ಪಸದ ಖಣದ ತುಂಡುಗಳು, ನಾನು ಶಾಲೆ ಬಿಟ್ಟ ದಿನ ಅವ್ವ ಎತ್ತಿಟ್ಟಿದ್ದ ನನ್ನ ಅಂಗಿ. ಅವ್ವನಿಗೆ ಅದು ನಿನಗೇ ಹೋಗಲಿ ಎಂದಿತ್ತು. ನೀನು ‘ಅವಂಗಿರ್ಲಿ, ಊರಲ್ಲದ ಊರು, ಅಲ್ಲಿ ಯಾರು ಹೊಚ್ತಾರ ಅವನ್ನ’ ಎಂದು ನನ್ನ ಟ್ರಂಕಿಗೆ ತುರುಕಿದೆ. ನಲವತ್ಮೂರು ವರ್ಷ ಅದು ಗಂಡ ಹೆಂಡತಿ ನಮ್ಮಿಬ್ಬರ ಮೈಮೇಲಿತ್ತು. ಅವ್ವನ ಕೈಯಿಂದ ಉಳಿದದ್ದು ಬೇರೇನೂ ಇಲ್ಲ ಎಂಬುದನ್ನು ನಿನಗೆ ನಾನು ಹೇಳಬೇಕಾಗಿಲ್ಲ.

ಆದದ್ದು ಹೀಗೆ. ಮತ್ತಿಕೆರೆಯ ಮನೆ ಮಾಲೀಕನಿಗೆ ಕಾಲೇಜು ಹುಡುಗರಿಗೆ ರೂಮು ಮಾಡಿ ಬಾಡಿಗೆ ಕೊಡುವ ಹುಚ್ಚು ಹತ್ತಿತು. ಇಪ್ಪತ್ತೆರಡು ವರ್ಷ ಇದ್ದವರನ್ನು ಎಬ್ಬಿಸಿದ. ಕಳೆದ ತಿಂಗಳು ಹದಿನಾರಕ್ಕೆ ಬಾಗಲಗುಂಟೆಗೆ ಬಂದೆವು. ಸಾಮಾನು ಸಾಗಿಸಲು ಒಂದು ಕಂಪನಿ ಗೊತ್ತು ಮಾಡಿದ್ದು ವಿಶ್ವನಾಥ. ಅದರ ಹೆಸರು ಬರೆದರೆ ಪೆನ್ನು ಕೆಡುತ್ತದೆ. ಅವರ ಹತ್ತಿರ ಫ್ರಿಜ್ಜು, ಅಲ್ಮೇರಾಗಳಿಗೆ ಏಟು ಬೀಳದಂತೆ ಸುತ್ತಲು ದಪ್ಪ ಹೊದಿಕೆಗಳಿರುತ್ತವೆ. ಇಳಿಸಿದ ಮೇಲೆ ಬಿಚ್ಚಿಕೊಂಡು ಒಯ್ಯುತ್ತಾರೆ. ಆ ಹೊದಿಕೆಗಳ ಜೊತೆ ನಮ್ಮ ಕೌದಿಯೂ ಹೋಗಿದೆ. ಹೊಸ ಮನೆಯಲ್ಲಿ ಹಾಸಿಗೆ ಬಿಚ್ಚುವ ಹೊತ್ತಿಗೆ ಗೊತ್ತಾಯಿತು. ಅಲ್ಮೇರಾದ ಬಾಗಿಲು ನೆಗ್ಗಿದೆ, ರೊಟ್ಟಿ ಹಂಚು ಎರಡು ಹೋಳಾಗಿದೆ. ಅದನ್ನೆಲ್ಲ ನಾನು ಮಾತಿನಲ್ಲೂ ಎತ್ತಲಿಲ್ಲ.

ಮರುದಿನವೇ ಯಶವಂತಪುರದ ಅವರ ಆಫೀಸಿಗೆ ಹೋದೆ. ಅಲ್ಲಿ ಬಾಲರಾಜ್ ಎಂಬ ಮ್ಯಾನೇಜರು. ಒಂದು ಹಾಳೆ ಮುಂದಿಟ್ಟು ‘ಯಜಮಾನ್ರೇ, ನಲವತ್ಮೂರು ಐಟಂ ಬರ್ದಿದೀವಿ. ನಿಮ್ದೇ ಸೈನು. ಇದ್ರಲ್ಲಿ ಕೌದಿ ಎಲ್ಲಿದೆ ತೋರ್ಸಿ ನೋಡಣ’ ಎಂದ. ಹಾಸಿಗೆಯ ಗಂಟು ಒಂದು ಎಂದಿದೆ, ಅದರೊಳಗೆ ಏನಿತ್ತೆಂದು ಬರೆದಿಲ್ಲ. ನಾನು ಮೇಜು ಗುದ್ದಿ, ‘ಬಂದಿದ್ನಲ್ಲ ನಿಮ್ಮ ಮೇಸ್ತ್ರಿ, ಅವನ ಕದ್ದಾನ’ ಎಂದೆ. ಬಾಲರಾಜ್ ನಕ್ಕು, ‘ಹಳೇ ಹೊದಿಕೆ ತಾನೇ, ಹೊಸ್ದು ಕೊಡಿಸ್ತೀನಿ ಬಿಡಿ. ಕಲರ್ ಯಾವ್ದು ಬೇಕು ಹೇಳಿ’ ಎಂದ. ‘ನಿಮ್ಮವ್ವ ಕಳದ್ರ ಹೊಸಾಕಿನ್ನ ಕೊಡಸ್ತಾರೇನಲೇ? ಕಲರ್ ಯಾವ್ದು ಬೇಕು?’ ಎಂದೆ. ಆಮೇಲೆ ಅವನು ನಗಲಿಲ್ಲ. ಮೂರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅವರ ಕುರ್ಚಿಯ ಮೇಲೆ ಕೂತೆ, ಅವರ ಚಹಾ ಮುಟ್ಟಲಿಲ್ಲ. ಬಂದ ಗಿರಾಕಿಗಳಿಗೆಲ್ಲ ‘ಹುಷಾರ್ರೀ’ ಎಂದು ಹೇಳುತ್ತಿದ್ದೆ. ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ ಎಂದೂ ಹೆದರಿಸಿದೆ. ನಾಲ್ಕನೇ ದಿನ ಬಾಲರಾಜ್ ಕೈಮುಗಿದು, ‘ನಮ್ ಹೊದಿಕೆ ಎಲ್ಲಾ ಗೋಡೌನಲ್ಲಿ ಬಿದ್ದಿದೆ. ಲಾರಿ ತಿರುಗಿ ಬಂದಂಗೆಲ್ಲಾ ಹೋಗಿ ನೋಡ್ಕೊಳ್ಳಿ. ನಿಮ್ದು ಅಂತ ಗುರುತು ಹೇಳಿದ್ರೆ ತಗೊಂಡ್ಹೋಗಿ. ಇಲ್ದಿದ್ರೆ ನನ್ ಜೀವ ಬಿಡಿ’ ಎಂದ.

ಗೋದಾಮು ಲಾರಿಗಳು ನಿಲ್ಲುವ ಕಡೆ, ಒಂದು ದೊಡ್ಡ ತಗಡಿನ ಶೆಡ್ಡು. ಒಳಗೆ ಹೋದವನು ನಿಂತೇಬಿಟ್ಟೆ ಅಕ್ಕಾ. ಹೊದಿಕೆ ಎಂದರೆ ಕಂಬಳಿ, ಗೋಣಿತಟ್ಟು ಇರಬಹುದು ಎಂದುಕೊಂಡಿದ್ದೆ. ಎಲ್ಲ ಕೌದಿಗಳು! ಸೂರಿನವರೆಗೆ ಕೌದಿಗಳು. ಸ್ಟೀಲ್ ಪಾತ್ರೆ ಕೊಟ್ಟು ಹಳೆ ಬಟ್ಟೆ ಒಯ್ಯುವವರಿರುತ್ತಾರಲ್ಲ, ಅವರಿಂದ ಕಂಪನಿಯವರು ತೂಕಕ್ಕೆ ಕೊಳ್ಳುತ್ತಾರಂತೆ. ಯಾರ್ಯಾರದೋ ಅವ್ವ, ಯಾರ್ಯಾರದೋ ಅಜ್ಜಿ ಹೊಲಿದದ್ದನ್ನು ಮನೆಯವರು ಒಂದು ಡಬ್ಬಿಗೆ, ಒಂದು ಬೋಗುಣಿಗೆ ಕೊಟ್ಟುಬಿಟ್ಟಿದ್ದಾರೆ. ಮೇಲಿನ ಗಾಜಿನ ಶೀಟಿನಿಂದ ಬಿಸಿಲು ರಾಶಿಯ ಮೇಲೆ ಬಿದ್ದಿತ್ತು. ಕೆಂಪು, ಗಿಣಿಹಸಿರು, ಅರಿಸಿನ, ಆಕಾಶದ ನೀಲಿ, ಹೂವು, ಗೆರೆ, ಚುಕ್ಕೆ. ಇಷ್ಟು ಬಣ್ಣವನ್ನು ನಾನು ಒಂದೇ ಕಡೆ ಎಂದೂ ನೋಡಿರಲಿಲ್ಲ. ಒಂದರಲ್ಲಿ ಕೂಸಿನ ತಲೆಗೆ ಕಟ್ಟುವ ಕುಂಚಿಗೆಯನ್ನು ಹಾಗೇ ಅಂಟಿಸಿ ಹೊಲಿದಿದ್ದರು, ಅದರ ದಾರ ಇನ್ನೂ ಜೋಲುತ್ತಿತ್ತು. ಒಂದರಲ್ಲಿ ಶಾಲೆಯ ಅಂಗಿಯ ಜೇಬು, ಒಳಗೆ ಬೆರಳು ಹಾಕಬಹುದು. ದಿಲ್ಲಿಗೂ ಕಲ್ಕತ್ತೆಗೂ ಹೋಗಿ ಬಂದಿವೆ, ಬೀರು, ಫ್ರಿಜ್ಜುಗಳ ಭಾರ ಹೊತ್ತಿವೆ, ಹೊಲಿಗೆ ಬಿಟ್ಟಿಲ್ಲ. ನೋಡುತ್ತ ನೋಡುತ್ತ ನಾನು ಚಪ್ಪಲಿ ಬಿಟ್ಟಿದ್ದೆ. ಯಾಕೆ ಬಿಟ್ಟೆನೋ ಗೊತ್ತಿಲ್ಲ.

ಅಲ್ಲಿ ಕೌದಿ ಮಡಿಸುತ್ತ ಕೂತಿದ್ದವನು ಮುಜಫ್ಫರ್. ನಮ್ಮ ಮನೆ ಖಾಲಿ ಮಾಡಿಸಿದ ಮೇಸ್ತ್ರಿ. ನಾನು ಕಳ್ಳ ಎಂದದ್ದು ಅವನನ್ನೇ. ನನ್ನ ದೂರಿನ ಮೇಲೆ ಬಾಲರಾಜ್ ಅವನನ್ನು ಲಾರಿಯಿಂದ ಇಳಿಸಿ ಗೋದಾಮಿಗೆ ಹಾಕಿದ್ದ. ಈಗ ದಾರಿಯ ಬತ್ತಾ ದುಡ್ಡು ಇಲ್ಲ, ಬರೀ ಧೂಳು. ಜಗಳಕ್ಕೆ ಬರುತ್ತಾನೆಂದು ನಾನು ಕೊಡೆ ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಒಂದು ಪೆಟ್ಟಿಗೆ ಎಳೆದು ಒರೆಸಿ, ‘ಕುಂಡ್ರಿ ಕಾಕಾರ. ನಿಮ್ದು ಯಾವ ಕಡೀದು?’ ಎಂದ. ಊರು ಹೇಳಿದೆ. ‘ಗುಳೇದಗುಡ್ಡೇನು? ಹಂಗಾರ ಖಣ ಇರಬೇಕಲ್ಲ’ ಎಂದ. ಅವನೂ ನಮ್ಮ ಕಡೆಯವನೇ, ಮುದ್ದೇಬಿಹಾಳದವನು. ಖಣ ಇದೆ ಎಂದೆ. ರಾಶಿಯಿಂದ ಒಂದೊಂದೇ ತೆಗೆದ. ಖಣ ಇದ್ದವೇ ಅರವತ್ತು ಎಪ್ಪತ್ತು ಬಂದವು! ಎಲ್ಲವೂ ನಮ್ಮದೇ ಎನಿಸಿತು, ಯಾವುದೂ ನಮ್ಮದಲ್ಲ ಎನಿಸಿತು.

ಆಗ ಅವನು ಒಂದನ್ನು ನೆಲಕ್ಕೆ ಹಾಸಿ ತೋರಿಸಿದ. ಅವನ ತಾಯಿ ಮೆಹಬೂಬ್ ಬೀ ಊರಿನಲ್ಲಿ ಮನೆಮನೆಗೆ ಹೋಗಿ ಕೌದಿ ಹೊಲಿದು ಇವರನ್ನೆಲ್ಲ ಸಾಕಿದವಳಂತೆ. ‘ಇಲ್ಲಿ ನೋಡ್ರಿ, ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬಂದಾರ. ಈ ಕಡೆ ಹೊಲಿಗಿ ಸಣ್ಣದು, ಅಕ್ಕಿಕಾಳಿನಂಗ. ಆ ಕಡೆ ಉದ್ದ. ಇಬ್ರು ಹೊಲದಾರ. ಉದ್ದಂದು ಸಣ್ಣ ವಯಸ್ಸಿನಾಕಿ, ಲಗೂನ ಮುಗಿಸಿ ಎದ್ದು ಹೋಗೂ ಅವಸರ’ ಎಂದ. ಇನ್ನೊಂದರ ಮೇಲೆ ಕೈಯಾಡಿಸಿ ನಕ್ಕ: ‘ಇಲ್ಲಿಗೆ ಬಂದಾಗ ಅತ್ತಿ ಸೊಸಿ ಮಾತು ಬಿಟ್ಟಾರ ನೋಡ್ರಿ. ಹೊಲಿಗಿ ಎಷ್ಟು ಬಿಗಿ ಬಿದ್ದದ! ಎರಡು ಗೇಣಿನ ಮ್ಯಾಲ ಮತ್ತ ಸಡ್ಲ ಆಗೇದ. ಮಾತಾಡ್ಯಾರ.’ ನಾನು ಬಗ್ಗಿ ಬೆರಳಿಟ್ಟು ನೋಡಿದೆ. ಹೌದು! ಅಲ್ಲಿ ಜಗಳ ಇತ್ತು, ಇಲ್ಲಿ ಮುಗಿದಿತ್ತು. ಮತ್ತೆ ಮೂಲೆಗಳನ್ನು ಹೆಬ್ಬೆರಳಿನಿಂದ ತಡವಲು ಹೇಳಿಕೊಟ್ಟ. ಕೌದಿ ಹಸಿದು ಹೋಗಬಾರದೆಂದು ಕೊನೆಯ ಮೂಲೆ ಮುಚ್ಚುವ ಮುಂಚೆ ಅವನ ತಾಯಿ ಏನಾದರೂ ಇಡುತ್ತಿದ್ದಳಂತೆ. ಹೊಲಿಯುವ ಹೆಂಗಸರಲ್ಲಿ ಒಬ್ಬರು ಜೋಳದ ಕಾಳು, ಒಬ್ಬರು ರೊಟ್ಟಿಯ ಚೂರು, ಒಬ್ಬರು ಉತ್ತತ್ತಿಯ ಬೀಜ. ನನ್ನ ಬೆರಳಿಗೆ ಒಂದರಲ್ಲಿ ನಾಲ್ಕು ಕಾಳು ಸಿಕ್ಕವು. ಯಾವ ಊರಿನ ಯಾವ ಹೆಂಗಸೋ, ಬಟ್ಟೆಗೆ ಉಣಿಸಿದ್ದಾಳೆ.

ನಲವತ್ತು ವರ್ಷ ಕಾರ್ಖಾನೆಯಲ್ಲಿ ಕೂದಲೆಳೆಯ ಅಳತೆ ನೋಡಿ ಲೇತು ನಡೆಸಿದವನು ನಾನು. ಇದರಲ್ಲಿ ಅಳತೆಪಟ್ಟಿ ಇಲ್ಲ, ಗುರುತು ಹಾಕಿದ ಗೆರೆ ಇಲ್ಲ, ಆದರೂ ಸಾಲು ತಪ್ಪಿಲ್ಲ. ಅಂಥದ್ದನ್ನು ನಲವತ್ಮೂರು ವರ್ಷ ಹೊದ್ದು ಮಲಗಿದ್ದೇನೆ, ಒಂದು ದಿನ ಕಣ್ಣಿಟ್ಟು ನೋಡಿಲ್ಲ. ‘ನಿಮ್ಮವ್ವ ಮೂಲ್ಯಾಗ ಏನಿಡ್ತಿದ್ರು ಕಾಕಾರ?’ ಎಂದು ಮುಜಫ್ಫರ್ ಕೇಳಿದ. ನನಗೆ ಗೊತ್ತಿಲ್ಲ. ಅವ್ವ ಯಾವ ಕಡೆ ಕೂತಿದ್ದಳು, ನೀನು ಯಾವ ಕಡೆ? ಗೊತ್ತಿಲ್ಲ. ನೀವಿಬ್ಬರೂ ಹೊಲಿಯುವಾಗ ನಾನು ಮೇಲಿಂದ ದಾಟಿಕೊಂಡು ಓಡಾಡುತ್ತಿದ್ದೆ, ಅವ್ವ ‘ಕೌದಿ ದಾಟಬ್ಯಾಡೋ ಹುಚ್ಚಪ್ಯಾಲಿ’ ಎಂದು ಸೂಜಿ ತೋರಿಸಿ ಹೆದರಿಸುತ್ತಿದ್ದಳು, ಅಷ್ಟೇ ನೆನಪು. ಇಡೀ ದಿನ ತಡವಿದೆವು. ನನಗೆ ನನ್ನ ತಾಯಿಯ ಕೈ ಗುರುತು ಹತ್ತಲಿಲ್ಲ.

ಆದ್ದರಿಂದ ನೀನು ಬರೆಯಬೇಕು. ಮೂಲೆಯಲ್ಲಿ ಏನಿಟ್ಟಿರಿ? ಯಾವ ಬಣ್ಣದ ದಾರ? ಯಾವ ಕಡೆಯದು ಅವ್ವನ ಹೊಲಿಗೆ, ಯಾವುದು ನಿನ್ನದು? ನಡುವೆ ನೀವಿಬ್ಬರೂ ಜಗಳವಾಡಿದ್ದರೆ ಅದನ್ನೂ ಬರಿ, ನಾಚಿಕೊಳ್ಳಬೇಡ. ನನ್ನ ಅಂಗಿಯ ತುಂಡು ಎಲ್ಲಿ ಬಂತು? ಇದೇ ಹದಿನಾರನೇ ತಾರೀಖು ಯಾವುದೋ ಕಾರ್ಖಾನೆಯ ನೌಕರರ ಇಪ್ಪತ್ತು ಮನೆಗಳ ಸಾಮಾನು ಗುವಾಹಟಿಗೆ ಹೊರಡುತ್ತದೆ. ಆ ರಾಶಿಯೆಲ್ಲ ಅದಕ್ಕೇ ಏರುತ್ತದೆ. ಅಷ್ಟು ದೂರ ಹೋದದ್ದರಲ್ಲಿ ಅರ್ಧ ತಿರುಗಿ ಬರುವುದಿಲ್ಲವಂತೆ.

ಶಿವಲಿಂಗವ್ವ ನಿನ್ನ ಕಾಲಿಗೆ ಬಿದ್ದಿದ್ದೇನೆಂದು ಬರೆಯಲು ಹೇಳಿದಳು, ಬರೆದಿದ್ದೇನೆ. ನಿನ್ನ ಮಗ ಸೊಸೆಗೆ, ಮಕ್ಕಳಿಗೆ ನನ್ನ ಆಶೀರ್ವಾದ. ನನ್ನ ತಲೆಯ ಮೇಲೆ ಕೈಯಿಡಲು ಇನ್ನು ಉಳಿದಿರುವವಳು ನೀನೊಬ್ಬಳೇ, ಅದಕ್ಕಾದರೂ ಮೈ ನೋಡಿಕೊಂಡಿರು.

ನಿನ್ನ ತಮ್ಮ,
ಪಂಚಪ್ಪ

ತಾ.ಕ.: ಅಂಚೆಗೆ ಹಾಕಲು ಹೊರಟವನು ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಕೌದಿಯನ್ನು ಮುಜಫ್ಫರ್ ಕದಿಯಲಿಲ್ಲ. ನಾನೇ ಕೊಟ್ಟೆ. ಫ್ರಿಜ್ಜಿಗೆ ತೆಳ್ಳನೆಯ ರಟ್ಟು ಸುತ್ತುವುದನ್ನು ಕಂಡು ಸಿಟ್ಟು ಬಂತು. ಹಾಸಿಗೆಯ ಗಂಟಿನಿಂದ ಕೌದಿ ಎಳೆದು ಅವನ ಮೇಲೆ ಎಸೆದೆ. ‘ಇದು ಮನೀದು ಅದ ಕಾಕಾರ, ಬ್ಯಾಡ್ರಿ’ ಎಂದ. ‘ನಿನಗ್ಯಾಕ, ಸುತ್ತಲೇ’ ಎಂದೆ. ಇಲ್ಲಿ ಇಳಿಸಿದವರು ಬೇರೆ ಆಳುಗಳು. ಅವರು ತಮ್ಮದೆಂದು ಮಡಿಸಿ ಒಯ್ದರು, ನಾನು ಕೇಳಿ ಇಟ್ಟುಕೊಳ್ಳಲು ಮರೆತೆ. ಮನೆಯವರಿಗೆ ಇದು ಗೊತ್ತಿಲ್ಲ. ಬಾಲರಾಜ್ ಬೈದಾಗಲೂ ಮುಜಫ್ಫರ್ ಇದನ್ನು ಹೇಳಲಿಲ್ಲ. ನನ್ನ ಪಕ್ಕ ಇಡೀ ದಿನ ಕೂತಿದ್ದನಲ್ಲ, ಆಗಲೂ ಆ ಮಾತು ಎತ್ತಲಿಲ್ಲ. ಹೊರಡುವಾಗ ಚಹಾ ತರಿಸಿ ಕುಡಿಸಿದ. ಇಂಥ ಮನುಷ್ಯರಿರುತ್ತಾರೆಂದು ಈ ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ ಅಕ್ಕಾ. ನಾಳೆ ಬೆಳಿಗ್ಗೆ ಹೋಗಿ ಬಾಲರಾಜನಿಗೆ ನಿಜ ಹೇಳುತ್ತೇನೆ. ಹೇಳಿದ ಮೇಲೆ ನನ್ನನ್ನು ಗೇಟಿನೊಳಗೆ ಬಿಡುವುದಿಲ್ಲ. ಇನ್ನು ಕೌದಿಯನ್ನು ಹುಡುಕಿ ಕೊಡಬೇಕಾದವನು ಮುಜಫ್ಫರ್ ಒಬ್ಬನೇ. ಗುರುತುಗಳನ್ನು ಅವನೇ ಓದುವಂತೆ ಬೇರೆ ಹಾಳೆಯಲ್ಲಿ, ದೊಡ್ಡ ಅಕ್ಷರದಲ್ಲಿ ಬರಿ. ಹದಿನೈದನೇ ತಾರೀಖಿನೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.