ಕಸ್ಟಮ್ಸ್ ಮ್ಯೂಸಿಯಂ ಮತ್ತು ಹಪ್ಪಳದ ಕಟ್ಟು

ಸೆಗಯಾ, ೧೪ ಮಾರ್ಚ್ ೨೦೧೨, ಬುಧವಾರ

ಆ ಗೈಡ್‌ನ ಮಾತು ಕಿವಿಯಿಂದ ಹೋಗುತ್ತಲೇ ಇಲ್ಲ.

ಹ್ಯಾಂಬರ್ಗ್‌ನಿಂದ ಇವತ್ತು ಮಧ್ಯಾಹ್ನ ಬಂದೆ. ಗಂಡ ಹರ್ಬರ್ಟ್ ಲಾಕಪ್ಪಿನಲ್ಲಿರುವಾಗ ಟ್ರೇನಿಂಗ್ ಏನು ಕೇಡು! ಹೋಗದಿದ್ದರೆ ಕಾರ್ಗೋ ಆಫೀಸಿನ ಕೆಲಸ ಉಳಿಯುತ್ತಿರಲಿಲ್ಲ. ಕೊನೆಯ ದಿನ ನಮ್ಮನ್ನು ಅಲ್ಲಿನ ಕಸ್ಟಮ್ಸ್ ಮ್ಯೂಸಿಯಂಗೆ ಕರೆದೊಯ್ದರು. ಹಳೆಯ ಹಸಿರು ಯೂನಿಫಾರ್ಮುಗಳ ಪಕ್ಕ ನಿಂತು ಎಲ್ಲರೂ ಫೋಟೊ ತೆಗೆಸಿಕೊಂಡರು. ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಕಳ್ಳಮಾಲು ಅಡಗಿಸಿದ್ದ ಶೂ, ಹೊಟ್ಟೆ ಸೀಳಿದ ಗೊಂಬೆ. "ಹೊತ್ತು ತಂದವರೆಲ್ಲ ತಮಗೇನೂ ಗೊತ್ತಿರಲಿಲ್ಲ ಎನ್ನುತ್ತಾರೆ" ಎಂದ ಗೈಡ್. ಎಲ್ಲರೂ ನಕ್ಕರು.

ಹರ್ಬರ್ಟ್‌ಗೆ ನಿಜವಾಗಿಯೂ ಗೊತ್ತಿರಲಿಲ್ಲ. ಊರಿನಿಂದ ಇಲ್ಲಿಗೆ, ಗಲ್ಫಿಗೆ ಹೊರಡುವಾಗ ಪರಿಚಯದವರು ಕೊಟ್ಟ ಹಪ್ಪಳದ ಕಟ್ಟನ್ನು ಬಿಚ್ಚಿ ನೋಡದೆ ಅವನ ಬ್ಯಾಗಿಗೆ ಹಾಕಿದವಳು ನಾನು. ಒಳಗೆ ಮತ್ತಿನ ಮಾತ್ರೆಗಳಿದ್ದವು. ಇಲ್ಲಿನ ಏರ್‌ಪೋರ್ಟಿನಲ್ಲಿ ಯಾರದ್ದೆಂದು ಕೇಳಿದಾಗ ಅವನು "ನನ್ನದೇ" ಎಂದುಬಿಟ್ಟ. ನಾನು ಮಗಳು ರೋಶೆಲ್‌ಳ ಕೈ ಹಿಡಿದು ಸುಮ್ಮನೆ ನಿಂತೆ.

ಸಂಜೆ ಅವನನ್ನು ನೋಡಲು ಹೋದೆ.

"ಅಲ್ಲಿ ಏನೆಲ್ಲ ನೋಡಿದ್ದು ಮಾರಾಯ್ತಿ?"

"ಯೂನಿಫಾರ್ಮ್." ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. "ಕಟ್ಟು ಹಾಕಿದ್ದು ನಾನು ಅಂತ ನಾಳೆ ವಕೀಲರಿಗೆ ಹೇಳ್ತೇನೆ."

"ಬೇಡ. ರೋಶೆಲ್‌ಗೆ ಮತ್ತೆ ಯಾರುಂಟು?"

ಬರುವ ದಾರಿಯಲ್ಲೇ, ನಾನಿಲ್ಲದಾಗ ಮಗಳನ್ನು ನೋಡಿಕೊಂಡಿದ್ದ ಬುಸೈತೀನ್‌ನ ಮಾರ್ಥಕ್ಕನಿಗೆ ಫೋನ್ ಮಾಡಿದೆ, ಬೆಳಿಗ್ಗೆ ವಕೀಲರಲ್ಲಿಗೆ ಹೋಗುವ ಮೊದಲು ಅವಳನ್ನು ಬಿಟ್ಟುಹೋಗುತ್ತೇನೆಂದು. ಈಗ ರೋಶೆಲ್‌ಳ ಬ್ಯಾಗು ತೆರೆದು ಕುಳಿತಿದ್ದೇನೆ. ಎಷ್ಟು ದಿನದ ಬಟ್ಟೆ ಇಡಬೇಕೋ ಗೊತ್ತಿಲ್ಲ.