ನೆಂಟ್ರ್ ಬಂದ್ರ್

೧೧ ಫೆಬ್ರವರಿ ೨೦೧೮, ಭಾನುವಾರ
ನಿನ್ನೆ ಬ್ರಹ್ಮಾವರದಲ್ಲಿ ಮೆಹಂದಿ ಪ್ರೋಗ್ರಾಂ. ಪೋಸ್ಟರಿನಲ್ಲಿ ಮತ್ತೆ ರೋಷನ್ ಒಬ್ಬನದೇ ಮುಖ. ನಮ್ಮ ರ‍್ಯಾಪ್ ಗ್ರೂಪಿನಲ್ಲಿ ಮೂರು ಜನ ಅಂತ ಯಾರಿಗೆ ಗೊತ್ತು? ಆರು ವರ್ಷದಿಂದ ಸಾಲು ಬರೆಯುವವ ನಾನು, ಕುಣಿದು ಹೆಸರು ಮಾಡುವವ ಅವನು. ಮದುಮಗಳ ಸೋದರಮಾವ ನನ್ನ ಕೈಗೆ ಸ್ಪೀಕರ್ ವಯರ್ ಕೊಟ್ಟು, "ಹ್ವಾಯ್, ಇದನ್ನ್ ಆಚಿಗ್ ಕಟ್ಟಿ" ಎಂದರು. ಕಟ್ಟಿದೆ.
ಸಾಕು. ಇನ್ನು ಆಲ್ಬಂ ಒಬ್ಬನೇ ಮಾಡುತ್ತೇನೆ.

೪ ಮಾರ್ಚ್
ಆರು ಹಾಡು ಮುಗಿಯಿತು. ಕಪಾಟಿನೊಳಗೆ ತಲೆ ಹಾಕಿ ರೆಕಾರ್ಡಿಂಗ್ — ಅಮ್ಮನ ಸೀರೆಗಳ ನಡುವೆ ಎಕೋ ಬರುವುದಿಲ್ಲ.
ಏಳನೆಯದು ಅಪ್ಪಯ್ಯನಿಗೆ. ಬೊಂಬಾಯಿ ಹೋಟೆಲಿನಲ್ಲಿ ಮೂವತ್ತು ವರ್ಷ. ನನಗೆ ಐದಿದ್ದಾಗ ಒಮ್ಮೆ ಊರಿಗೆ ಬಂದರು. ಅಂಗಳದಲ್ಲಿ ಬ್ಯಾಗ್ ಹಿಡಿದು ನಿಂತವರನ್ನು ಕಂಡು ನಾನು ಒಳಗೆ ಕೂಗಿದ್ದೆನಂತೆ: "ಅಮ್ಮಾ, ಯಾರೋ ನೆಂಟ್ರ್ ಬಂದ್ರ್!" ಅಪ್ಪಯ್ಯ ಅಲ್ಲೇ ಬ್ಯಾಗಿನ ಮೇಲೆ ಕೂತುಬಿಟ್ಟರಂತೆ.
ಈಗ ಕೆಲಸ ಬಿಟ್ಟು ನಮ್ಮೂರು ಯಡ್ತರೆಗೆ ಬಂದು ವರ್ಷವಾಯಿತು. ಕ್ಷಮಿಸಿ ಎಂದು ಬಾಯಲ್ಲಿ ಹೇಳಲು ನನ್ನಿಂದಾಗದು. ಹಾಡಿನಲ್ಲಿ ಹೇಳಿದ್ದೇನೆ. ಅಂದಿನ ಆ ಕೂಗೇ ಅದರ ಪಲ್ಲವಿ.

೨ ಎಪ್ರಿಲ್
ಯೂಟ್ಯೂಬಿಗೆ ಹಾಕಿದೆ. ಇನ್ನೂರು ವ್ಯೂ. ರೋಷನ್ ಲೈಕ್ ಕೂಡ ಒತ್ತಿಲ್ಲ. ಹೊಟ್ಟೆಕಿಚ್ಚು.

೧೯ ಎಪ್ರಿಲ್
ನಲವತ್ತು ಸಾವಿರ! ಬರೀ ಏಳನೆಯದಕ್ಕೆ. ಕಮೆಂಟ್ ಓದಿದೆ.
"ನಗಾಡಿ ನಗಾಡಿ ಹೊಟ್ಟೆ ಹುಣ್ಣಾಯ್ತ್ ಮಾರಾಯಾ."
"ಕುಂದಾಪ್ರ ಕಾಮಿಡಿ ಅಂದ್ರೆ ಇದ್!"
ಕಾಮಿಡಿಯಂತೆ. ನಮ್ಮ ಭಾಷೆಯಲ್ಲಿ ಅತ್ತರೂ ಜನಕ್ಕೆ ನಗು. ಮೈಯೆಲ್ಲ ಉರಿಯಿತು. ಆದರೂ... ಮೊದಲ ಸಲ ನನ್ನ ಹೆಸರು. ಹತ್ತು ಸಲ ತೆಗೆದು ನೋಡಿದೆ.

೨೭ ಎಪ್ರಿಲ್
ಅಪ್ಪಯ್ಯ ನಾಲ್ಕು ದಿನದಿಂದ ಚಾ ಅಂಗಡಿಗೆ ಹೋಗಿಲ್ಲ. ಅಮ್ಮನನ್ನು ಕೇಳಿದೆ.
"ಹ್ಯಾಂಗ್ ಹೋಪ್ದ್? ಕಂಡವ್ರೆಲ್ಲ 'ಹ್ವಾಯ್ ನೆಂಟ್ರೆ, ಬಂದದ್ ಯಾವತ್ತ್, ಹೋಪ್ದ್ ಯಾವತ್ತ್' ಅಂತ ಕೇಂತ್ರಂಬ್ರ್."
ಊರು ಅಡ್ಡಹೆಸರು ಇಟ್ಟರೆ ಮುಗಿಯಿತು, ಸತ್ತರೂ ಬಿಡದು. ಇಟ್ಟುಕೊಟ್ಟವ ನಾನೇ. ಹಾಡು ಯಾರಿಗೂ ಕಾಣದ ಹಾಗೆ ಮುಚ್ಚಿದೆ. ಅಮ್ಮನಿಗೆ ಹೇಳಿದೆ.

೩೦ ಎಪ್ರಿಲ್, ಸಂಜೆ ೫
ಅಪ್ಪಯ್ಯ ತಾವಾಗಿಯೇ ಕರೆದರು. ಮುಖ ನೋಡಲಿಲ್ಲ.
"ಆ ಹಾಡ್ ತೆಗ್ದ್ಯಂಬ್ರ್? ವಾಪಸ್ ಹಾಕ್ ಮಗ. ನಿನ್ನ ಹೆಸ್ರ್ ಈಗ್ಲಾದ್ರೂ ನಾಕ್ ಜನ್ರ ಬಾಯಗ್ ಬಂತಲೆ. ನಂಗೆಂತ? ಬೊಂಬಾಯಗೂ ನಂಗ್ ಹೆಸ್ರಿರ್ಲಿಲ್ಲ. ಮೂವತ್ ವರ್ಷ ಬರೀ 'ಏ ಅಣ್ಣಾ'."
ಹಾಕುತ್ತೇನೆ ಎಂಬಂತೆ ತಲೆ ಆಡಿಸಿದೆ. ಬೆನ್ನು ತಟ್ಟಿದರು.
ಇಲ್ಲಾದರೂ ನಿಜ ಬರೆಯುತ್ತೇನೆ. ವಾಪಸ್ ಹಾಕಿದ್ದು ನಿನ್ನೆಯೇ. ಅವರು ಹೇಳುವ ಮೊದಲೇ. ಎರಡು ದಿನ ವ್ಯೂ ನಿಂತದ್ದನ್ನು ತಡೆದುಕೊಳ್ಳಲಾಗಲಿಲ್ಲ. ಥೂ.
ಹೇಳೋಣವೆಂದು ಎದ್ದೆ. ಅಷ್ಟರಲ್ಲಿ ಅಪ್ಪಯ್ಯ ಶರ್ಟು ಹಾಕಿಕೊಂಡು ಹೊರಟಿದ್ದರು. ಚಾ ಅಂಗಡಿಗೆ. ವಾರದ ಮೇಲೆ. ಹಾಡು ನಿನ್ನೆಯಿಂದಲೇ ಓಡುತ್ತಿದೆ ಎಂದು ಅಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಓಡಿಹೋಗಿ ತಡೆಯಬೇಕಿತ್ತು. ಬಾಗಿಲ ತನಕ ಹೋದೆ, ನಿಂತೆ, ಫೋನ್ ತೆಗೆದು ಈಗ ವ್ಯೂ ಎಷ್ಟಾಯಿತೆಂದು ನೋಡಿದೆ.